ಎಂ51 ಸುರುಳಿ ಗ್ಯಾಲಕ್ಸಿ ಫೋಟೋ ತೆಗೆಯೋದು ಹೇಗೆ: ಮೌಂಟ್ ನಿಲ್ಸೋದ್ರಿಂದ ಹಿಡಿದು ಪ್ರೋಸೆಸಿಂಗ್ ತನಕ

"ಟೆಲಿಸ್ಕೋಪಲ್ಲಿ ಕಣ್ಣಿಟ್ಟು ನೋಡಿದ್ರೆ ಬೂದು ಬಣ್ಣದ ಮಬ್ಬು ಅಷ್ಟೇ ಕಾಣತ್ತೆ, ಎಲ್ಲರ ಫೋಟೋದಲ್ಲಿ ಬರೋ ಆ ಸುರುಳಿ ನನಗ್ಯಾಕೆ ಬರಲ್ಲ?" ಈ ಪ್ರಶ್ನೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಲ್ಲ, ಅದ್ರ ಹಿಂದೆನೇ ಇನ್ನೊಂದು ಬರತ್ತೆ, "ಇನ್ನೂ ದೊಡ್ಡ ಟೆಲಿಸ್ಕೋಪ್ ತಗೋಬೇಕಾ?" ಬೇಡ. ಬಹಳಷ್ಟು ಜನಕ್ಕೆ ಕೈಲಿರೋದೇ ಸಾಕು. ನಾನು ನೋಡಿರೋ ಕೆಟ್ಟ ಗ್ಯಾಲಕ್ಸಿ ಫೋಟೋಗಳೆಲ್ಲ ಹೆಚ್ಚುಕಮ್ಮಿ ಎರಡೇ ಕಾರಣಕ್ಕೆ ಕೆಟ್ಟಿದ್ದು: ಒಂದು, ಟೆಲಿಸ್ಕೋಪ್ ಹೊತ್ಕೊಳ್ಳೋ ಮೌಂಟ್ ನಕ್ಷತ್ರಗಳನ್ನ ಸರಿಯಾಗಿ ಹಿಂಬಾಲಿಸ್ತಿರಲಿಲ್ಲ, ಇಲ್ಲಾಂದ್ರೆ ಫೋಟೋ ತೆಗೆದೋರು ಒಂದೇ ಗ್ಯಾಲಕ್ಸಿ ಮೇಲೆ ಸಾಕಷ್ಟು ಹೊತ್ತು ಕೂತಿರಲಿಲ್ಲ, ಅರ್ಧ ಗಂಟೆ ಇದು ಅರ್ಧ ಗಂಟೆ ಅದು ಅಂತ ಆಕಾಶ ಎಲ್ಲಾ ಸುತ್ತಿರ್ತಾರೆ. ಈ ಎರಡನ್ನ ಸರಿ ಮಾಡ್ಕೊಂಡ್ರೆ ಮಿಕ್ಕಿದ್ದು ಅಭ್ಯಾಸದಲ್ಲಿ ಬರತ್ತೆ.

ಯಾವ ಗ್ಯಾಲಕ್ಸಿ ತಗೋಬೇಕು

ಮೊದಲನೇದಕ್ಕೆ ಎಂ51 ತಗೊಳ್ಳಿ, ವರ್ಲ್‌ಪೂಲ್ ಗ್ಯಾಲಕ್ಸಿ ಅಂತ ಕರೆಯೋದು ಇದನ್ನೇ. ನಮ್ಮಿಂದ ಸುಮಾರು ಎರಡೂವರೆಯಿಂದ ಮೂರು ಕೋಟಿ ಜ್ಯೋತಿರ್ವರ್ಷ ದೂರ. 1773ರಲ್ಲಿ ಚಾರ್ಲ್ಸ್ ಮೆಸ್ಸಿಯೆ ಇದನ್ನ ಗುರುತಿಸ್ದಾಗ ಅವರಿಗೂ ಕಂಡಿದ್ದು ಮಬ್ಬೇ, ಸುರುಳಿ ಅಂತ ಮೊದಲು ಗೊತ್ತಾಗಿದ್ದು 1845ರಲ್ಲಿ, ಐರ್ಲೆಂಡಲ್ಲಿ ಲಾರ್ಡ್ ರಾಸ್ ಅನ್ನೋರು 72 ಇಂಚಿನ ಕನ್ನಡಿ ಇರೋ ದೈತ್ಯ ಟೆಲಿಸ್ಕೋಪ್ ಕಟ್ಟಿ ಕಣ್ಣಲ್ಲೇ ನೋಡಿ ಚಿತ್ರ ಬರೆದಾಗ. ಕ್ಯಾಮೆರಾ ಬೆಳಕನ್ನ ಗಂಟೆಗಟ್ಟಲೆ ಕೂಡಿಟ್ಕೊಳ್ಳತ್ತೆ, ಕಣ್ಣಿಗೆ ಆ ಶಕ್ತಿ ಇಲ್ಲ, ಹಾಗಾಗಿ ಇವತ್ತು 4 ಇಂಚಿನ ಟೆಲಿಸ್ಕೋಪಲ್ಲೂ ಆ ಸುರುಳಿ ಬರತ್ತೆ.

ಇದನ್ನೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಗ್ಯಾಲಕ್ಸಿ ನಮಗೆ ಹೆಚ್ಚುಕಮ್ಮಿ ಎದುರಿಗೆ ಮುಖ ಮಾಡ್ಕೊಂಡಿದೆ, ಸುರುಳಿಯ ಕೈಗಳು ಬಿಡಿಬಿಡಿಯಾಗಿ ಕಾಣತ್ತೆ, ಜೊತೆಗೆ ಒಂದು ಕೈಯ ತುದೀಲಿ ಎನ್‌ಜಿಸಿ 5195 ಅನ್ನೋ ಚಿಕ್ಕ ಗ್ಯಾಲಕ್ಸಿ ನೇತಾಡ್ತಿರೋ ಥರ ಇದೆ, ಎರಡೂ ಒಂದನ್ನೊಂದು ಎಳೀತಿರೋದು ಫೋಟೋದಲ್ಲೇ ಗೊತ್ತಾಗತ್ತೆ. ಹುಡುಕೋದೂ ಸುಲಭ. ಸಪ್ತರ್ಷಿ ಮಂಡಲದ ಬಾಲದ ತುದಿ ನಕ್ಷತ್ರ ಮರೀಚಿ ಗೊತ್ತಲ್ಲ, ಅಲ್ಲಿಂದ ಮೂರೂವರೆ ಡಿಗ್ರಿ ಅಷ್ಟೇ, ಕೈ ಚಾಚಿ ಎರಡು ಬೆರಳು ಜೋಡಿಸಿದ್ರೆ ಹೆಚ್ಚುಕಮ್ಮಿ ಅಷ್ಟಗಲ. ಮಾರ್ಚಿಂದ ಜೂನ್ ತನಕ ರಾತ್ರಿ ಚೆನ್ನಾಗಿ ಮೇಲಿರತ್ತೆ. ಭೂಮಧ್ಯ ರೇಖೆಯಿಂದ ತುಂಬಾ ದಕ್ಷಿಣಕ್ಕಿರೋರಿಗೆ ಇದು ಸಿಗಲ್ಲ, ಅವರು ಅದೇ ತಿಂಗಳುಗಳಲ್ಲಿ ಎಂ83 ತಗೋಬಹುದು, ಕೆಳಗೆ ಹೇಳಿರೋದೆಲ್ಲ ಅದಕ್ಕೂ ಸರಿಹೋಗತ್ತೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಬೀಳ್ಬೇಡಿ. ಪಟ್ಟಿಯಲ್ಲಿ ಮ್ಯಾಗ್ನಿಟ್ಯೂಡ್ ನೋಡಿ ಗ್ಯಾಲಕ್ಸಿ ಆರಿಸೋದು. ಮ್ಯಾಗ್ನಿಟ್ಯೂಡ್ ಅಂದ್ರೆ ಹೊಳಪಿನ ಅಂಕಿ, ಕಮ್ಮಿ ಇದ್ದಷ್ಟೂ ಹೊಳಪು ಜಾಸ್ತಿ. ಎಂ33ರದ್ದು 5.7, ಎಂ51ರದ್ದು 8.4, ಹಾಗಾದ್ರೆ ಎಂ33 ಸುಲಭ ಅಂತ ಅನ್ಸತ್ತೆ. ಆದ್ರೆ ಎಂ33ರ ಆ ಬೆಳಕೆಲ್ಲ ಒಂದು ಡಿಗ್ರಿಗಿಂತ ಹೆಚ್ಚು ಜಾಗದಲ್ಲಿ ಹರಡ್ಕೊಂಡಿದೆ, ಒಂದು ಚಮಚ ತುಪ್ಪನ ಇಡೀ ಹಂಡೆಗೆ ಸವರಿದ ಹಾಗೆ, ಎಂ51ರದ್ದು ಸುಮಾರು 11 ಆರ್ಕ್‌ಮಿನಿಟಲ್ಲಿ ಒತ್ತಾಗಿದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್‌ಮಿನಿಟ್, ಅದರ ಅರವತ್ತನೇ ಒಂದು ಭಾಗ ಆರ್ಕ್‌ಸೆಕೆಂಡ್, ಈ ಎರಡು ಪದ ಮುಂದೆ ಪದೇ ಪದೇ ಬರತ್ತೆ.

ಏನೇನು ಬೇಕು

ಮೊದಲು ಮೌಂಟ್, ಆಮೇಲೆ ಉಳಿದಿದ್ದು. ಮೌಂಟ್ ಅಂದ್ರೆ ಟೆಲಿಸ್ಕೋಪನ್ನ ಹೊತ್ಕೊಂಡು ಆಕಾಶದ ಜೊತೆ ತಿರುಗೋ ಯಂತ್ರ. ಭೂಮಿ ತಿರುಗೋದ್ರಿಂದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರೀತಾನೇ ಇರತ್ತೆ, ಅದನ್ನ ಸರಿದೂಗ್ಸೋಕೆ ಈಕ್ವಟೋರಿಯಲ್ ಮೌಂಟೇ ಬೇಕು, ಅಂದ್ರೆ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲೋದು. ಮೇಲೆ ಕೆಳಗೆ ಎಡ ಬಲ ಮಾತ್ರ ಆಡೋ ಆಲ್ಟ್-ಆಜಿಮತ್ ಮೌಂಟಲ್ಲಿ ಉದ್ದ ಎಕ್ಸ್‌ಪೋಶರ್ ಕೊಟ್ರೆ ಫೋಟೋದ ಅಂಚಿನ ನಕ್ಷತ್ರಗಳು ವೃತ್ತಾಕಾರವಾಗಿ ಎಳ್ಕೊಂಡು ಹೋಗತ್ತೆ. ಇನ್ನು ಮೌಂಟ್ ಇಷ್ಟು ಕೆಜಿ ಹೊರತ್ತೆ ಅಂತ ಕಂಪನಿ ಬರ್ದಿರೋದು ಕಣ್ಣಲ್ಲಿ ನೋಡೋಕೆ, ಫೋಟೋಗೆ ಅದರ ಅರ್ಧ, ಹೆಚ್ಚಂದ್ರೆ ಅರವತ್ತು ಪರ್ಸೆಂಟ್ ಅಂತ ಲೆಕ್ಕ ಇಟ್ಕೊಳ್ಳಿ, ಕ್ಯಾಮೆರಾ, ಗೈಡ್ ಸ್ಕೋಪ್ (ಮೌಂಟಿನ ತಪ್ಪು ತಿದ್ದೋಕೆ ಜೊತೆಗೆ ಕೂರ್ಸೋ ಪುಟ್ಟ ಟೆಲಿಸ್ಕೋಪ್), ಕೇಬಲ್ ಎಲ್ಲಾ ಸೇರಿ.

ಟೆಲಿಸ್ಕೋಪ್ 80ರಿಂದ 200 ಮಿ.ಮೀ. ವ್ಯಾಸದ್ದು ಯಾವ್ದಾದ್ರೂ ಆಗತ್ತೆ. ಫೋಕಲ್ ಲೆಂತ್, ಶಾಲೇಲಿ ಸಂಗಮ ದೂರ ಅಂತ ಓದಿರ್ತೀವಲ್ಲ ಅದು, 500ರಿಂದ 1000 ಮಿ.ಮೀ. ಒಳಗೆ ಇದ್ರೆ ಮೊದಲನೇ ಗ್ಯಾಲಕ್ಸಿಗೆ ಹಿತವಾಗಿರತ್ತೆ. ನಿಮ್ಮ ಕ್ಯಾಮೆರಾಗೆ ಹೊಂದತ್ತಾ ಅಂತ ನೋಡೋಕೆ ಒಂದು ಸಣ್ಣ ಲೆಕ್ಕ ಇದೆ: ಕ್ಯಾಮೆರಾದ ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಅನ್ನೋದನ್ನ 206ರಿಂದ ಗುಣಿಸಿ, ಫೋಕಲ್ ಲೆಂತಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 800 ಮಿ.ಮೀ. ಟೆಲಿಸ್ಕೋಪ್ ಆದ್ರೆ ಒಂದು ಪಿಕ್ಸೆಲ್ಲಿಗೆ ಸುಮಾರು 0.97 ಆರ್ಕ್‌ಸೆಕೆಂಡ್ ಬರತ್ತೆ, ಆಗ ಎಂ51 ಫೋಟೋದಲ್ಲಿ ಸುಮಾರು 680 ಪಿಕ್ಸೆಲ್ ಅಗಲ ಇರತ್ತೆ. ಅದೇ ಕ್ಯಾಮೆರಾ 400 ಮಿ.ಮೀ. ಮೇಲೆ ಹಾಕಿದ್ರೆ 340 ಪಿಕ್ಸೆಲ್, ಚಿಕ್ಕದು, ಆದ್ರೂ ಸುರುಳಿ ಗೊತ್ತಾಗತ್ತೆ. ಒಂದು ಪಿಕ್ಸೆಲ್ಲಿಗೆ ಹೆಚ್ಚುಕಮ್ಮಿ 1ರಿಂದ 2 ಆರ್ಕ್‌ಸೆಕೆಂಡ್ ಒಳಗೆ ಬಂದ್ರೆ ಒಳ್ಳೇದು. ಇನ್ನೂ ಕಮ್ಮಿ ಮಾಡೋಕೆ ಅಂತ ಫೋಕಲ್ ಲೆಂತ್ ಹೆಚ್ಚಿಸೋ ಬಾರ್ಲೋ ಲೆನ್ಸ್ ಹಾಕ್ಬೇಡಿ, ಮಾಮೂಲಿ ರಾತ್ರಿ ವಾತಾವರಣದ ನಡುಕವೇ ನಕ್ಷತ್ರಗಳನ್ನ 2-3 ಆರ್ಕ್‌ಸೆಕೆಂಡ್ ಹರಡಿಬಿಟ್ಟಿರತ್ತೆ, ದೊಡ್ಡದಾಗೋದು ಮಸುಕು ಮಾತ್ರ.

ಕ್ಯಾಮೆರಾ ಡಿಎಸ್‌ಎಲ್‌ಆರ್ ಆದ್ರೂ ಸರಿ, ತಂಪು ಮಾಡ್ಕೊಳ್ಳೋ ಆಸ್ಟ್ರೋ ಕ್ಯಾಮೆರಾ ಆದ್ರೂ ಸರಿ. ಮೊದಲ ಸಲಕ್ಕೆ ಕಲರ್ ಕ್ಯಾಮೆರಾನೇ ಇರ್ಲಿ, ಕಪ್ಪು ಬಿಳುಪಿನ ಮೋನೋ ಕ್ಯಾಮೆರಾ, ಅದಕ್ಕೆ ಬೇಕಾದ ಫಿಲ್ಟರ್ ವೀಲ್ ಎಲ್ಲ ಆಮೇಲೆ. ಇದ್ರ ಜೊತೆ ಗೈಡ್ ಸ್ಕೋಪ್ ಮತ್ತೆ ಗೈಡ್ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಅಥವಾ ಎಎಸ್‌ಐಏರ್ ಥರದ ಪುಟ್ಟ ಕಂಟ್ರೋಲರ್, ಫೋಕಸ್ ಮಾಡೋಕೆ ಬಾಟಿನೋವ್ ಮಾಸ್ಕ್, ಇಬ್ಬನಿ ಕೂರದ ಹಾಗೆ ಲೆನ್ಸ್ ಸುತ್ತ ಸುತ್ತೋ ಹೀಟರ್ ಪಟ್ಟಿ, ರಾತ್ರಿಪೂರ್ತಿ ಬರೋ ಬ್ಯಾಟರಿ. ನಿಮ್ಮದು ಲೆನ್ಸ್ ಇರೋ ರಿಫ್ರ್ಯಾಕ್ಟರ್ ಟೆಲಿಸ್ಕೋಪ್ ಆದ್ರೆ ಫೀಲ್ಡ್ ಫ್ಲ್ಯಾಟನರ್, ಕನ್ನಡಿ ಇರೋ ನ್ಯೂಟೋನಿಯನ್ ಆದ್ರೆ ಕೋಮಾ ಕರೆಕ್ಟರ್ ಅನ್ನೋ ಲೆನ್ಸ್ ಬೇಕು, ಇಲ್ದಿದ್ರೆ ಮೂಲೆ ನಕ್ಷತ್ರಗಳು ಧೂಮಕೇತು ಥರ ಬಾಲ ಬಿಟ್ಕೊಂಡು ಬರತ್ತೆ. ಈ ಕರೆಕ್ಟರಿಂದ ಸೆನ್ಸರ್‌ಗೆ ಇರ್ಬೇಕಾದ ದೂರಕ್ಕೆ ಬ್ಯಾಕ್‌ಫೋಕಸ್ ಅಂತಾರೆ, ಬಹಳಷ್ಟಕ್ಕೆ 55 ಮಿ.ಮೀ., ಎರಡು ಮಿ.ಮೀ. ಹೆಚ್ಚುಕಮ್ಮಿ ಆದ್ರೂ ಮೂಲೆಗಳು ಹಾಳಾಗತ್ತೆ.

ಹಂತ 1: ರಾತ್ರಿ ಆರಿಸ್ಕೊಳ್ಳೋದು

ಅಮಾವಾಸ್ಯೆಯ ಹಿಂದೆ ಮುಂದೆ ಐದಾರು ದಿನ. ಚಂದ್ರ ಇದ್ರೆ ಗ್ಯಾಲಕ್ಸಿಯ ಮಂಕಾದ ಹೊರ ಭಾಗ ಪೂರ್ತಿ ಮುಳುಗಿಹೋಗತ್ತೆ. ನೆಬ್ಯುಲಾ, ಅಂದ್ರೆ ಆಕಾಶದ ಅನಿಲ ಮೋಡ, ತೆಗೆಯೋರು ಒಂದೆರಡು ಬಣ್ಣ ಮಾತ್ರ ಒಳಗೆ ಬಿಡೋ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕ್ಕೊಂಡು ಹುಣ್ಣಿಮೇಲೂ ತೆಗೀತಾರಲ್ಲ ಅಂತ ಕೇಳ್ಬೇಡಿ, ನೆಬ್ಯುಲಾದ ಬೆಳಕು ಒಂದೆರಡು ನಿರ್ದಿಷ್ಟ ಬಣ್ಣದಲ್ಲೇ ಬರತ್ತೆ, ಗ್ಯಾಲಕ್ಸಿ ಅಂದ್ರೆ ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲಾ ಬಣ್ಣದಲ್ಲೂ ಇರತ್ತೆ, ಆ ಫಿಲ್ಟರ್ ಹಾಕಿದ್ರೆ ಗ್ಯಾಲಕ್ಸಿನೇ ಕತ್ತರಿಸಿ ಹಾಕ್ದಂಗೆ. ಬೀದಿ ದೀಪಗಳಿಂದ ದೂರ ಹೋಗೋದಕ್ಕಿಂತ ಒಳ್ಳೆ ಫಿಲ್ಟರ್ ಇಲ್ಲ. ಹೋಗೋಕೆ ಆಗಲ್ವಾ, ಪರವಾಗಿಲ್ಲ, ಮನೆ ಮೇಲಿಂದನೂ ಎಂ51 ಬರತ್ತೆ, ಆದ್ರೆ ನಾಲ್ಕು ಗಂಟೆ ಜಾಗದಲ್ಲಿ ಹನ್ನೆರಡು ಹದಿನಾರು ಗಂಟೆ ಕೂರ್ಬೇಕಾಗತ್ತೆ.

ಹಂತ 2: ನಿಲ್ಸೋದು, ತೂಕ ಸರಿ ಮಾಡೋದು

ಟ್ರೈಪಾಡ್ ಕಾಲು ಆದಷ್ಟು ಗಿಡ್ಡ ಇರ್ಲಿ, ನೆಲ ಗಟ್ಟಿ ಇರ್ಲಿ. ಟೆಲಿಸ್ಕೋಪನ್ನ ಅರ್ಧ ಗಂಟೆ ಮೊದಲೇ ಹೊರಗಿಡಿ, ಒಳಗಿನ ಗಾಳಿ ಹೊರಗಿನ ಚಳಿಗೆ ಹೊಂದ್ಕೊಳ್ಳತ್ತೆ. ಎರಡೂ ಅಕ್ಷದ ತೂಕ ಸರಿಮಾಡೋವಾಗ ಕ್ಯಾಮೆರಾ ಕೇಬಲ್ ಎಲ್ಲಾ ಹಾಕಿರಿ, ಆಮೇಲೆ ಪೂರ್ವದ ಕಡೆಗೆ ಒಂದು ಚೂರು ಭಾರ ಬಿಡಿ, ಗೇರ್‌ಗಳು ಒಂದೇ ಕಡೆ ಒತ್ಕೊಂಡಿದ್ರೆ ಅಲುಗಾಟ ಕಮ್ಮಿ.

ಕೇಬಲ್ ಬಗ್ಗೆ ಒಂದು ಮಾತು. ಒಂದಿಡೀ ವಾರ ನನ್ನ ಫ್ರೇಮ್‌ಗಳಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ನಕ್ಷತ್ರಗಳು ಉದ್ದ ಆಗ್ತಿದ್ವು, ಗೇರ್ ಬಿಚ್ಚೋ ತನಕ ಹೋಗಿದ್ದೆ, ಕೊನೆಗೆ ನೋಡಿದ್ರೆ ಆ ಹೊತ್ತಿಗೆ ಟೆಲಿಸ್ಕೋಪ್ ತಿರುಗಿರೋ ಕೋನದಲ್ಲಿ ಯುಎಸ್‌ಬಿ ಕೇಬಲ್ ಟ್ರೈಪಾಡಿನ ತಿರುಪಿಗೆ ಸಿಕ್ಕಾಕ್ಕೊಂಡು ಎಳೀತಿತ್ತು. ಶುರು ಮಾಡೋ ಮುಂಚೆ ಟೆಲಿಸ್ಕೋಪನ್ನ ಕೈಯಲ್ಲೇ ಪೂರ್ವದಿಂದ ಪಶ್ಚಿಮಕ್ಕೆ ಒಂದು ಸಲ ಪೂರ್ತಿ ತಿರುಗಿಸಿ, ಎಲ್ಲೂ ಕೇಬಲ್ ಬಿಗಿಯಾಗ್ತಿಲ್ಲ ಅಂತ ನೋಡ್ಕೊಳ್ಳಿ.

ಹಂತ 3: ಪೋಲಾರ್ ಅಲೈನ್‌ಮೆಂಟ್

ಮೌಂಟಿನ ಅಕ್ಷನ ಆಕಾಶದ ಧ್ರುವದ ಕಡೆ ನೆಟ್ಟಗೆ ತಿರುಗ್ಸೋದೇ ಇದು. ಧ್ರುವ ನಕ್ಷತ್ರ ಕಂಡಿತು ಅಂತ ಅದನ್ನ ಮಧ್ಯಕ್ಕೆ ತಂದು ಮುಗೀತು ಅನ್ಕೋಬೇಡಿ, ಧ್ರುವ ನಕ್ಷತ್ರ ನಿಜವಾದ ಧ್ರುವ ಬಿಂದುವಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿನೇ ಆಚೆ ಇದೆ, ಗ್ಯಾಲಕ್ಸಿ ಫೋಟೋಗೆ ಅದು ದೊಡ್ಡ ತಪ್ಪು. ಎನ್‌ಐಎನ್‌ಎ, ಶಾರ್ಪ್‌ಕ್ಯಾಪ್ ಅನ್ನೋ ಸಾಫ್ಟ್‌ವೇರ್‌ಗಳು, ಎಎಸ್‌ಐಏರ್ ಇವುಗಳಲ್ಲೆಲ್ಲ ಕ್ಯಾಮೆರಾದಿಂದಲೇ ಅಲೈನ್ ಮಾಡೋ ಸೌಲಭ್ಯ ಇದೆ: ಒಂದು ಫೋಟೋ ತೆಗೆಯತ್ತೆ, ಮೌಂಟ್ ತಿರುಗಿಸಿ ಇನ್ನೊಂದು ತೆಗೆಯತ್ತೆ, ತಪ್ಪು ಎಷ್ಟಿದೆ ಯಾವ ಕಡೆ ಅಂತ ಹೇಳತ್ತೆ, ನೀವು ತಿರುಪು ತಿರುಗಿಸ್ತಾ 1-2 ಆರ್ಕ್‌ಮಿನಿಟ್ ಒಳಗೆ ತಂದ್ರೆ ಸಾಕು. ಅದಕ್ಕಿಂತ ಕಮ್ಮಿ ಮಾಡೋಕೆ ಅಂತ ಮುಕ್ಕಾಲು ಗಂಟೆ ಕಳೀಬೇಡಿ. ಉತ್ತರದಲ್ಲಿ ಮರ ಕಟ್ಟಡ ಅಡ್ಡ ಬಂದು ಧ್ರುವ ನಕ್ಷತ್ರ ಕಾಣ್ದೇ ಇರೋರಿಗೆ ಎನ್‌ಐಎನ್‌ಎಯ ಮೂರು ಬಿಂದುವಿನ ವಿಧಾನ ಆಗತ್ತೆ, ಅದು ಆಕಾಶದ ಬೇರೆ ಕಡೆ ನೋಡ್ಕೊಂಡೇ ಲೆಕ್ಕ ಹಾಕತ್ತೆ. ಮುಗಿದ್ಮೇಲೆ ತಿರುಪುಗಳನ್ನ ಬಿಗಿ ಮಾಡಿ, ಬಿಗಿ ಮಾಡ್ದಾಗ ಅಕ್ಷ ಸ್ವಲ್ಪ ಸರಿಯತ್ತೆ, ಹಾಗಾಗಿ ಇನ್ನೊಂದು ಸಲ ಅಳೆದು ನೋಡಿ. ಟ್ರೈಪಾಡಿಗೆ ಕಾಲು ತಗುಲ್ತಾ, ಮತ್ತೆ ಮೊದಲಿಂದ.

ಹಂತ 4: ಫೋಕಸ್

ಹೊಳೆಯೋ ನಕ್ಷತ್ರ ಒಂದನ್ನ, ಮರೀಚಿನೇ ಆಗ್ಬಹುದು, ಮಧ್ಯಕ್ಕೆ ತಂದು ಬಾಟಿನೋವ್ ಮಾಸ್ಕ್ ಮುಂದೆ ಹಾಕಿ. ಇದು ಸೀಳು ಸೀಳಾಗಿ ಕತ್ತರಿಸಿರೋ ಒಂದು ಮುಚ್ಚಳ, ನಕ್ಷತ್ರದ ಸುತ್ತ ಮೂರು ಗೆರೆ ಮೂಡಿಸತ್ತೆ, ಎರಡು ಗೆರೆ ಇಂಟು ಮಾರ್ಕ್ ಥರ, ಮೂರನೇದು ಫೋಕಸರ್ ತಿರುಗಿಸ್ದಂಗೆ ಆ ಕಡೆ ಈ ಕಡೆ ಸರಿಯತ್ತೆ, ಅದು ಸರಿಯಾಗಿ ಮಧ್ಯ ಹಾದುಹೋದ್ರೆ ಫೋಕಸ್ ಸಿಕ್ತು ಅಂತ ಅರ್ಥ. ಫೋಕಸರ್ ಲಾಕ್ ಮಾಡಿ, ಲಾಕ್ ಮಾಡಿದ್ಮೇಲೂ ಗೆರೆ ಮಧ್ಯದಲ್ಲೇ ಇದೆಯಾ ನೋಡಿ, ಆಮೇಲೆ ಮಾಸ್ಕ್ ತೆಗೀರಿ. ಮಾಸ್ಕ್ ತೆಗೆಯೋದು ಮರೆತು ಎರಡು ಗಂಟೆ ಶೂಟ್ ಮಾಡೋರು ಬಹಳ ಜನ, ಮಾಸ್ಕಿಗೆ ಒಂದು ಕೆಂಪು ದಾರ ಕಟ್ಟಿ ಲ್ಯಾಪ್‌ಟಾಪ್ ಕಡೆಗೆ ನೇತಾಡ್ಸಿ.

ರಾತ್ರಿ ಚಳಿ ಏರ್ತಾ ಹೋದ್ರೆ ಟ್ಯೂಬ್ ಕುಗ್ಗತ್ತೆ, ಫೋಕಸ್ ತಪ್ಪತ್ತೆ. ಗಂಟೆಗೊಂದು ಸಲ ನೋಡಿ. ಈ ಒಂದು ವಿಷಯದಲ್ಲಿ ಸೋಮಾರಿತನ ಮಾಡಿದ್ರೆ ಮುಂದೆ ಯಾವ ಸಾಫ್ಟ್‌ವೇರೂ ಕಾಪಾಡಲ್ಲ.

ಹಂತ 5: ಗ್ಯಾಲಕ್ಸಿನ ಫ್ರೇಮಲ್ಲಿ ಕೂರ್ಸೋದು

ಪ್ಲೇಟ್ ಸಾಲ್ವಿಂಗ್ ಬಳಸಿ. ಅಂದ್ರೆ ಸಾಫ್ಟ್‌ವೇರ್ ಒಂದು ಸಣ್ಣ ಫೋಟೋ ತೆಗೆದು, ಅದರಲ್ಲಿರೋ ನಕ್ಷತ್ರಗಳ ವಿನ್ಯಾಸನ ತನ್ನ ಪಟ್ಟಿ ಜೊತೆ ಹೋಲಿಸಿ ಟೆಲಿಸ್ಕೋಪ್ ಈಗ ನೋಡ್ತಿರೋದು ಇಲ್ಲಿ ಅಂತ ಕಂಡುಹಿಡಿಯತ್ತೆ, ಆಮೇಲೆ ತಾನೇ ಸರಿಯಾದ ಜಾಗಕ್ಕೆ ಸರ್ಕೊಂಡು ಹೋಗತ್ತೆ. ಭೂಮಿಗೆ ರೇಖಾಂಶ ಅಕ್ಷಾಂಶ ಇರೋ ಹಾಗೆ ಆಕಾಶಕ್ಕೆ ರೈಟ್ ಅಸೆನ್ಷನ್, ಡೆಕ್ಲಿನೇಶನ್. ಎಂ51ರ ಜಾಗ: ರೈಟ್ ಅಸೆನ್ಷನ್ 13 ಗಂಟೆ 30 ನಿಮಿಷ, ಡೆಕ್ಲಿನೇಶನ್ ಉತ್ತರಕ್ಕೆ 47 ಡಿಗ್ರಿ 12 ಮಿನಿಟ್. ಫೋಕಲ್ ಲೆಂತ್ ಸೆಟ್ಟಿಂಗಲ್ಲಿ ತಪ್ಪು ಅಂಕಿ ಹಾಕಿದ್ರೆ ಸಾಲ್ವ್ ಆಗಲ್ಲ, ನೂರಕ್ಕೆ ತೊಂಬತ್ತು ಸಲ ಸಮಸ್ಯೆ ಅಲ್ಲೇ ಇರತ್ತೆ.

ಈಗ 60 ಸೆಕೆಂಡಿನ ಒಂದು ಫ್ರೇಮ್ ತೆಗೆದು ನೋಡಿ. ಕಪ್ಪು ಬೂದಿ ಹಿನ್ನೆಲೆಯಲ್ಲಿ ಎರಡು ಮಸುಕು ಉಂಡೆ, ಒಂದು ದೊಡ್ಡದು ಒಂದು ಚಿಕ್ಕದು, ನಡುವೆ ಇದೆಯೋ ಇಲ್ವೋ ಅನ್ನೋ ಥರ ಒಂದು ಎಳೆ, ದೊಡ್ಡ ಉಂಡೆಯ ಸುತ್ತ ಉಗುರಿನ ಗೀರಿನಷ್ಟು ತೆಳುವಾದ ಬಾಗು. ಇಷ್ಟೇ ಬರ್ಬೇಕಾಗಿದ್ದು, ನಿರಾಸೆ ಪಡ್ಬೇಡಿ. ಎರಡು ಉಂಡೆಗಳೂ ಉತ್ತರ ದಕ್ಷಿಣವಾಗಿ ನಿಂತಿರತ್ತೆ, ಕ್ಯಾಮೆರಾ ತಿರುಗ್ಸಿ ಸೆನ್ಸರಿನ ಉದ್ದದ ಬದಿ ಆ ದಿಕ್ಕಿಗೆ ಬರೋ ಹಾಗೆ ಮಾಡ್ಕೊಳ್ಳಿ, ಸುತ್ತ ಧಾರಾಳವಾಗಿ ಖಾಲಿ ಆಕಾಶ ಬಿಡಿ. ತಿರುಗ್ಸಿದ್ಮೇಲೆ ಫೋಕಸ್ ಮತ್ತೆ ನೋಡಿ, ಮತ್ತೆ ಈ ಕೋನನ ಇಡೀ ಸೀಸನ್ ಬದಲಾಯಿಸ್ಬೇಡಿ, ಟೇಪ್ ಹಚ್ಚಿ ಪೆನ್ನಲ್ಲಿ ಗೆರೆ ಹಾಕಿಡಿ.

ಹಂತ 6: ಗೈಡಿಂಗ್

ಎಷ್ಟೇ ಒಳ್ಳೆ ಮೌಂಟ್ ಆದ್ರೂ ಅದರ ಗೇರಲ್ಲಿ ಸಣ್ಣ ಸಣ್ಣ ಏರುಪೇರು ಇದ್ದೇ ಇರತ್ತೆ. ಗೈಡ್ ಕ್ಯಾಮೆರಾ ಒಂದು ನಕ್ಷತ್ರನ ಎರಡು ಮೂರು ಸೆಕೆಂಡಿಗೊಮ್ಮೆ ನೋಡ್ತಾ, ಅದು ಸರಿದ್ರೆ ಮೌಂಟಿಗೆ ಪುಟ್ಟ ತಳ್ಳು ಕೊಡ್ತಾ ಇರತ್ತೆ. ಪಿಎಚ್‌ಡಿ2 ಉಚಿತ ಸಾಫ್ಟ್‌ವೇರ್, ಬಹಳ ಜನ ಬಳಸೋದು ಅದೇ.

ಮೊದಲು ಕ್ಯಾಲಿಬ್ರೇಶನ್. ಇದನ್ನ ಗ್ಯಾಲಕ್ಸಿ ಹತ್ರ ಮಾಡೋದಕ್ಕಿಂತ ಆಕಾಶದ ಸಮಭಾಜಕದ (ಭೂಮಧ್ಯ ರೇಖೆಯ ನೇರ ಮೇಲೆ ಆಕಾಶದಲ್ಲಿ ಬರೋ ಗೆರೆ) ಹತ್ರ, ನೆತ್ತಿಯಿಂದ ದಕ್ಷಿಣೋತ್ತರ ಹಾದುಹೋಗೋ ಮೆರಿಡಿಯನ್ ಗೆರೆಗೆ ಹತ್ತಿರ ಇರೋ ಯಾವ್ದಾದ್ರೂ ನಕ್ಷತ್ರದ ಮೇಲೆ ಮಾಡಿ, ಆಮೇಲೆ ಎಂ51ಗೆ ಬನ್ನಿ. ಗೈಡಿಂಗ್ ಶುರು ಆದ್ಮೇಲೆ ಗ್ರಾಫ್ ಬರತ್ತೆ, ಕೆಳಗೆ ಆರ್‌ಎಂಎಸ್ ಅಂತ ಒಂದು ಅಂಕಿ, ಸರಾಸರಿ ಎಷ್ಟು ತಪ್ಪಾಗ್ತಿದೆ ಅನ್ನೋದು. ಅದು ನಿಮ್ಮ ಪಿಕ್ಸೆಲ್ ಲೆಕ್ಕದ ಅಂಕಿಗಿಂತ ಕಮ್ಮಿ ಇದ್ರೆ ನಕ್ಷತ್ರಗಳು ದುಂಡಗೆ ಬರತ್ತೆ, ಮೇಲಿನ ಉದಾಹರಣೆಗೆ 0.97 ಇತ್ತಲ್ಲ, ಆರ್‌ಎಂಎಸ್ 0.8 ಬಂದ್ರೆ ಗ್ರಾಫ್ ಮುಚ್ಚಿಟ್ಟು ನಿಶ್ಚಿಂತೆಯಿಂದ ಕೂತ್ಕೊಳ್ಳಿ.

ಹೊಸಬರು ಮಾಡೋ ತಪ್ಪು ಇಲ್ಲೇ ಜಾಸ್ತಿ: ಗ್ರಾಫ್ ಸ್ವಲ್ಪ ಕುಣಿದ ತಕ್ಷಣ ಅಗ್ರೆಸಿವ್‌ನೆಸ್, ಅಂದ್ರೆ ತಳ್ಳಿನ ಜೋರು, ಏರಿಸೋದು, ಗೈಡ್ ಎಕ್ಸ್‌ಪೋಶರ್ ಅರ್ಧ ಸೆಕೆಂಡಿಗೆ ಇಳಿಸೋದು. ಆಗ ಮೌಂಟ್ ನಕ್ಷತ್ರನ ಬಿಟ್ಟು ಗಾಳಿಯ ನಡುಕದ ಹಿಂದೆ ಓಡತ್ತೆ, ಗ್ರಾಫ್ ಇನ್ನೂ ಕೆಡತ್ತೆ. 2-3 ಸೆಕೆಂಡ್ ಇರ್ಲಿ, ಐದು ನಿಮಿಷ ಮುಟ್ಟದೆ ನೋಡಿ. ಒಂದೇ ಅಕ್ಷ ನಿಧಾನಕ್ಕೆ ಒಂದೇ ಕಡೆ ಜಾರ್ತಿದ್ರೆ ಪೋಲಾರ್ ಅಲೈನ್‌ಮೆಂಟ್ ಕೆಟ್ಟಿದೆ, ಇದ್ದಕ್ಕಿದ್ದಂಗೆ ಜಿಗೀತಿದ್ರೆ ಕೇಬಲ್ ಅಥವಾ ಗಾಳಿ, ಗೈಡ್ ನಕ್ಷತ್ರ ಮೆಲ್ಲಮೆಲ್ಲಗೆ ಮಂಕಾಗ್ತಿದ್ರೆ ಗೈಡ್ ಸ್ಕೋಪಿನ ಲೆನ್ಸ್ ಮೇಲೆ ಇಬ್ಬನಿ, ಅದಕ್ಕೂ ಒಂದು ಹೀಟರ್ ಪಟ್ಟಿ ಸುತ್ತಿ.

ಡಿಥರಿಂಗ್ ಆನ್ ಮಾಡೋದು ಮರೀಬೇಡಿ. ಪ್ರತಿ ಎರಡು ಮೂರು ಫ್ರೇಮಿಗೆ ಒಂದು ಸಲ ಟೆಲಿಸ್ಕೋಪನ್ನ ಬೇಕಂತಲೇ ಕೆಲವು ಪಿಕ್ಸೆಲ್ ಸರಿಸೋದು ಅಷ್ಟೇ, ಹೀಗೆ ಮಾಡಿದ್ರೆ ಸೆನ್ಸರಿನ ಕೆಟ್ಟ ಪಿಕ್ಸೆಲ್‌ಗಳು ಒಂದೇ ಜಾಗದಲ್ಲಿ ಕೂರಲ್ಲ, ಸ್ಟ್ಯಾಕ್ ಮಾಡುವಾಗ, ಅಂದ್ರೆ ಎಲ್ಲಾ ಫ್ರೇಮ್ ಒಂದರ ಮೇಲೊಂದು ಪೇರಿಸಿ ಒಂದು ಫೋಟೋ ಮಾಡುವಾಗ, ಅಳಿಸಿಹೋಗತ್ತೆ. ಡಿಎಸ್‌ಎಲ್‌ಆರ್ ಇರೋರಿಗಂತೂ ಇದು ಬೇಕೇ ಬೇಕು.

ಹಂತ 7: ಎಕ್ಸ್‌ಪೋಶರ್, ಮತ್ತೆ ಒಟ್ಟು ಎಷ್ಟು ಹೊತ್ತು

ಒಂದೊಂದು ಫ್ರೇಮ್ ಎಷ್ಟು ಉದ್ದ ಅನ್ನೋದಕ್ಕಿಂತ ಒಟ್ಟು ಎಷ್ಟು ಗಂಟೆ ಅನ್ನೋದು ಮುಖ್ಯ. ಆದ್ರೂ ಅಂದಾಜಿಗೆ, ಎಫ್/5ರಿಂದ ಎಫ್/7 (ಫೋಕಲ್ ಲೆಂತನ್ನ ವ್ಯಾಸದಿಂದ ಭಾಗಿಸಿದ್ರೆ ಬರೋ ಅಂಕಿ) ಟೆಲಿಸ್ಕೋಪಲ್ಲಿ ದೀಪ ಜಾಸ್ತಿ ಇರೋ ಕಡೆ 30ರಿಂದ 60 ಸೆಕೆಂಡ್, ಕತ್ತಲೆ ಜಾಗದಲ್ಲಿ 2ರಿಂದ 4 ನಿಮಿಷ. ಡಿಎಸ್‌ಎಲ್‌ಆರಲ್ಲಿ ಐಎಸ್‌ಓ 800 ಅಥವಾ 1600. ಹಿಸ್ಟೋಗ್ರಾಮ್, ಅಂದ್ರೆ ಎಡಕ್ಕೆ ಕಪ್ಪು ಬಲಕ್ಕೆ ಬಿಳಿ ಇರೋ ಬೆಳಕಿನ ಗ್ರಾಫ್, ನೋಡಿ, ಬೆಟ್ಟದ ಥರ ಇರೋ ಆ ಗುಡ್ಡೆ ಎಡ ಗೋಡೆಯಿಂದ ಬಿಡಿಸ್ಕೊಂಡು ಬಂದಿರ್ಬೇಕು, ಗ್ಯಾಲಕ್ಸಿಯ ನಡುಭಾಗ ಪೂರ್ತಿ ಬಿಳಿಯಾಗಿ ಸುಟ್ಟಿರ್ಬಾರ್ದು, ಈ ಎರಡರ ಮಧ್ಯೆ ಎಲ್ಲಿದ್ರೂ ಸರಿ. ಫೈಲ್ ಯಾವಾಗ್ಲೂ ರಾ ಅಥವಾ ಆಸ್ಟ್ರೋ ಕ್ಯಾಮೆರಾ ಕೊಡೋ ಫಿಟ್ಸ್, ಜೇಪೆಗ್ ಬೇಡ್ವೇ ಬೇಡ.

ಫ್ರೇಮ್‌ಗಳನ್ನ ಒಂದರ ಮೇಲೊಂದು ಪೇರಿಸ್ದಾಗ ನಾಯ್ಸ್, ಅಂದ್ರೆ ಆ ಮರಳು ಮರಳು ಕಾಳು, ಫ್ರೇಮ್‌ಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಇಳಿಯತ್ತೆ. ಒಂದು ಗಂಟೆ ತೆಗೆದಿದ್ದನ್ನ ಎರಡರಷ್ಟು ಚೆನ್ನಾಗಿ ಮಾಡ್ಬೇಕಂದ್ರೆ ನಾಲ್ಕು ಗಂಟೆ ಬೇಕು, ಅದರ ಎರಡರಷ್ಟಕ್ಕೆ ಹದಿನಾರು ಗಂಟೆ. ಅದಕ್ಕೇ ಒಂದೇ ರಾತ್ರೀಲಿ ನಾಲ್ಕು ಗ್ಯಾಲಕ್ಸಿ ತೆಗೆಯೋರಿಗೆ ನಾಲ್ಕೂ ಕಾಳುಕಾಳಾಗಿ ಬರೋದು, ಎರಡು ರಾತ್ರಿ ಎಂ51 ಒಂದನ್ನೇ ಹಿಡ್ಕೊಂಡಿರೋರಿಗೆ ಕೈಗಳ ನಡುವಿನ ಕಪ್ಪು ಧೂಳಿನ ಗೆರೆಗಳೂ ಬಿಡ್ಸಿಕೊಂಡು ಬರೋದು. ನಾಲ್ಕು ಗಂಟೆಗಿಂತ ಕಮ್ಮಿ ಇದ್ರೆ ಪ್ರೋಸೆಸ್ ಮಾಡೋಕೆ ಕೂರ್ಲೇಬೇಡಿ ಅಂತ ನಾನು ಹೇಳ್ತೀನಿ, ಇನ್ನೊಂದು ರಾತ್ರಿ ಕಾಯಿರಿ, ಗ್ಯಾಲಕ್ಸಿ ಎಲ್ಲೂ ಹೋಗಲ್ಲ.

ಮಧ್ಯರಾತ್ರಿ ಸುಮಾರಿಗೆ ಗ್ಯಾಲಕ್ಸಿ ಮೆರಿಡಿಯನ್ ದಾಟತ್ತೆ, ಯಾವ ತಿಂಗಳು ಅನ್ನೋದ್ರ ಮೇಲೆ ಹೊತ್ತು ಹಿಂದೆ ಮುಂದೆ ಆಗತ್ತೆ. ಆಗ ಜರ್ಮನ್ ಈಕ್ವಟೋರಿಯಲ್ ಮೌಂಟ್ ಪೂರ್ತಿ ಮಗುಚಿ ಆ ಕಡೆಯಿಂದ ನೋಡೋಕೆ ಶುರು ಮಾಡ್ಬೇಕು, ಮೆರಿಡಿಯನ್ ಫ್ಲಿಪ್ ಅಂತಾರೆ. ಇದನ್ನ ಸೆಟ್ ಮಾಡ್ದೆ ಮಲಗೋಕೆ ಹೋಗ್ಬೇಡಿ, ಟೆಲಿಸ್ಕೋಪ್ ಟ್ರೈಪಾಡ್ ಕಾಲಿಗೆ ಗುದ್ದತ್ತೆ. ಮೊದಲ ಕೆಲವು ಸಲ ಎದುರಿಗೇ ನಿಂತು ನೋಡಿ.

ಹಂತ 8: ಡಾರ್ಕ್, ಫ್ಲ್ಯಾಟ್, ಬಯಾಸ್

ಇವು ಮೂರೂ ಕ್ಯಾಮೆರಾ ಮತ್ತೆ ಟೆಲಿಸ್ಕೋಪ್ ಸೇರಿಸೋ ಕೊಳೆನ ಕಳೆಯೋಕೆ. ಡಾರ್ಕ್ ಅಂದ್ರೆ ಮುಚ್ಚಳ ಹಾಕಿ, ಅದೇ ಎಕ್ಸ್‌ಪೋಶರ್ ಅದೇ ಗೇನ್ (ಡಿಎಸ್‌ಎಲ್‌ಆರ್ ಆದ್ರೆ ಐಎಸ್‌ಓ) ಅದೇ ಉಷ್ಣಾಂಶದಲ್ಲಿ ತೆಗೆಯೋ ಫ್ರೇಮ್, ಇಪ್ಪತ್ತು ಮೂವತ್ತು ಸಾಕು. ಬಯಾಸ್ ಅಂದ್ರೆ ಮುಚ್ಚಳ ಹಾಕಿ ಅತಿ ಕಮ್ಮಿ ಎಕ್ಸ್‌ಪೋಶರ್‌ದು, ಕೆಲವು ಕ್ಯಾಮೆರಾಗೆ ಇದರ ಬದ್ಲು ಫ್ಲ್ಯಾಟಿನಷ್ಟೇ ಉದ್ದದ ಡಾರ್ಕ್ ತೆಗೆದ್ರೆ ಇನ್ನೂ ಒಳ್ಳೇದು.

ಫ್ಲ್ಯಾಟ್‌ನ ಯಾರೂ ಬಿಡ್ಬೇಡಿ. ಟೆಲಿಸ್ಕೋಪ್ ಬಾಯಿಗೆ ಬಿಳಿ ಬಟ್ಟೆ ಸುಕ್ಕಿಲ್ಲದ ಹಾಗೆ ಎಳೆದು ಕಟ್ಟಿ, ಸಮವಾದ ಬೆಳಕಿನ ಕಡೆ, ಮುಂಜಾನೆ ಆಕಾಶನೋ ಬೆಳಕಿನ ಪ್ಯಾನೆಲ್ಲೋ, ಮೂವತ್ತು ಫೋಟೋ ತೆಗೀರಿ, ಹಿಸ್ಟೋಗ್ರಾಮ್ ಗುಡ್ಡೆ ಮೂರನೇ ಒಂದರಿಂದ ಅರ್ಧದ ಒಳಗೆ ಇರ್ಲಿ. ಸೆನ್ಸರ್ ಮುಂದಿನ ಧೂಳು ಬಳೆ ಥರ ಕಲೆ ಬಿಡತ್ತೆ, ಮೂಲೆಗಳು ಕಪ್ಪಾಗತ್ತೆ, ಎಲ್ಲಾ ಹೋಗೋದು ಇದ್ರಿಂದನೇ. ಆದ್ರೆ ಕ್ಯಾಮೆರಾ ಬಿಚ್ಚೋ ಮುಂಚೆ, ತಿರುಗಿಸೋ ಮುಂಚೆ, ಫೋಕಸ್ ಮುಟ್ಟೋ ಮುಂಚೆ ತೆಗೀಬೇಕು. ನಾನೊಂದು ಸಲ ನಿದ್ದೆಗಣ್ಣಲ್ಲಿ ಎಲ್ಲಾ ಬಿಚ್ಚಿ ಬೆಳಿಗ್ಗೆ ಮತ್ತೆ ಜೋಡಿಸಿ ಫ್ಲ್ಯಾಟ್ ತೆಗೆದೆ, ಹಳೇ ಕಲೆ ಹೋಗ್ಲಿಲ್ಲ, ಅದ್ರ ಪಕ್ಕದಲ್ಲಿ ಹೊಸ ಬಿಳಿ ಬಳೆಗಳು ಬಂದ್ವು, ಐದು ಗಂಟೆಯ ಬೆಳಕು ವ್ಯರ್ಥ ಆಯ್ತು.

ಹಂತ 9: ಸ್ಟ್ಯಾಕಿಂಗ್

ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್, ಎರಡೂ ಉಚಿತ. ಸಿರಿಲಲ್ಲಿ ಸಿದ್ಧ ಸ್ಕ್ರಿಪ್ಟ್ ಇದೆ, ಲೈಟ್ಸ್ (ಗ್ಯಾಲಕ್ಸಿಯ ಫ್ರೇಮ್‌ಗಳು), ಡಾರ್ಕ್ಸ್, ಫ್ಲ್ಯಾಟ್ಸ್, ಬಯಸಸ್ ಅಂತ ನಾಲ್ಕು ಫೋಲ್ಡರ್ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಮಾಡಿ ಫೈಲ್ ಹಾಕಿ ಸ್ಕ್ರಿಪ್ಟ್ ಓಡ್ಸಿದ್ರೆ ಆಯ್ತು, ಹೆಸರಲ್ಲಿ ಒಂದಕ್ಷರ ತಪ್ಪಿದ್ರೂ ನಿಂತುಬಿಡತ್ತೆ. ಮುಂಚೆ ಎಲ್ಲಾ ಫ್ರೇಮ್‌ನ ಒಂದೊಂದಾಗಿ ಕಣ್ಣಾಡಿಸಿ, ಮೋಡ ಹಾದಿರೋದು ನಕ್ಷತ್ರ ಉದ್ದ ಆಗಿರೋದು ತೆಗೆದುಹಾಕಿ. ಸ್ಯಾಟಲೈಟ್ ಗೆರೆ ಬಿದ್ದಿರೋದನ್ನ ಮಾತ್ರ ಬಿಸಾಕ್ಬೇಡಿ, ಹದಿನೈದಿಪ್ಪತ್ತು ಫ್ರೇಮಿಗಿಂತ ಜಾಸ್ತಿ ಇದ್ರೆ ಬೇರೆ ಫ್ರೇಮ್‌ಗಳಲ್ಲಿಲ್ಲದ ಆ ಗೆರೆನ ಸಾಫ್ಟ್‌ವೇರೇ ಗುರುತಿಸಿ ಅಳಿಸತ್ತೆ.

ಹಂತ 10: ಪ್ರೋಸೆಸಿಂಗ್

ಸ್ಟ್ಯಾಕ್ ಆದ ಫೋಟೋ ತೆರೆದ್ರೆ ಕಪ್ಪು ಕತ್ತಲೆ. ಗಾಬರಿ ಬೇಡ, ಬೆಳಕೆಲ್ಲ ಹಿಸ್ಟೋಗ್ರಾಮಿನ ಎಡ ಮೂಲೇಲಿ ಒತ್ಕೊಂಡಿದೆ, ಆಟೋಸ್ಟ್ರೆಚ್ ನೋಟ ಹಾಕಿದ್ರೆ ಕಾಣತ್ತೆ. ಕ್ರಮ ಮುಖ್ಯ: ಮೊದಲು ಅಂಚು ಕತ್ತರಿಸಿ, ಆಮೇಲೆ ಹಿನ್ನೆಲೆಯ ಓರೆ ಬೆಳಕನ್ನ ತೆಗೀರಿ, ಆಮೇಲೆ ಬಣ್ಣ, ಅದಾದ್ಮೇಲೇ ಸ್ಟ್ರೆಚ್, ಅಂದ್ರೆ ಆ ಒತ್ಕೊಂಡಿರೋ ಮಂಕು ಬೆಳಕನ್ನ ಕಾಣೋ ಹಾಗೆ ಹಿಗ್ಗಿಸೋದು.

ಹಿನ್ನೆಲೆ ತೆಗೆಯೋವಾಗ ಹುಷಾರು. ಸಿರಿಲಲ್ಲೋ ಗ್ರಾಕ್ಸ್‌ಪರ್ಟ್ ಅನ್ನೋ ಸಾಫ್ಟ್‌ವೇರಲ್ಲೋ ಖಾಲಿ ಆಕಾಶ ಇದು ಅಂತ ತೋರ್ಸೋಕೆ ಮಾದರಿ ಚೌಕಗಳನ್ನ ಇಡ್ತೀವಲ್ಲ, ಅವು ಗ್ಯಾಲಕ್ಸಿಯಿಂದ ಬಹಳ ದೂರ ಇರ್ಲಿ. ಎನ್‌ಜಿಸಿ 5195 ಸುತ್ತ ಹೊಗೆ ಥರ ತುಂಬಾ ಮಂಕಾದ ಒಂದು ಹರವು ಇದೆ, ಎರಡು ಗ್ಯಾಲಕ್ಸಿಗಳ ಎಳೆದಾಟದಲ್ಲಿ ಹೊರಗೆ ಚೆಲ್ಲಿಹೋಗಿರೋ ನಕ್ಷತ್ರಗಳು ಅವು, ಅದರ ಮೇಲೆ ಒಂದು ಚೌಕ ಬಿದ್ರೆ ಸಾಫ್ಟ್‌ವೇರ್ ಅದನ್ನ ಬೀದಿ ದೀಪದ ಬೆಳಕು ಅನ್ಕೊಂಡು ಒರೆಸಿಬಿಡತ್ತೆ.

ಬಣ್ಣಕ್ಕೆ ಸಿರಿಲಿನ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್ ಬಳಸಿ, ನಕ್ಷತ್ರಗಳ ಅಳೆದಿಟ್ಟ ಬಣ್ಣದ ಜೊತೆ ಹೋಲಿಸಿ ಸರಿ ಮಾಡತ್ತೆ, ಹಸಿರು ಉಳಿದಿದ್ರೆ ಗ್ರೀನ್ ನಾಯ್ಸ್ ತೆಗೆಯೋ ಆಯ್ಕೆ ಇದೆ. ಸರಿಯಾಗಿದ್ರೆ ನಡುಭಾಗ ವಯಸ್ಸಾದ ನಕ್ಷತ್ರಗಳಿಂದ ತಿಳಿ ಹಳದಿ, ಕೈಗಳು ಎಳೇ ನಕ್ಷತ್ರಗಳಿಂದ ನೀಲಿ, ಕೈಗಳುದ್ದಕ್ಕೂ ಅಲ್ಲಲ್ಲಿ ಗುಲಾಬಿ ಚುಕ್ಕಿ, ಹೊಸ ನಕ್ಷತ್ರ ಹುಟ್ಟೋ ಹೈಡ್ರೋಜನ್ ಮೋಡಗಳು ಅವು. ಮಾಡಿಫೈ ಮಾಡಿಸ್ದಿರೋ ಡಿಎಸ್‌ಎಲ್‌ಆರಲ್ಲಿ ಆ ಗುಲಾಬಿ ಸಪ್ಪೆ ಇರತ್ತೆ, ಸೆನ್ಸರ್ ಮುಂದಿನ ಫಿಲ್ಟರ್ ಆ ಕೆಂಪನ್ನ ಬಹಳಷ್ಟು ತಡೀತಿರತ್ತೆ, ಸ್ಯಾಚುರೇಶನ್ ಏರಿಸಿ ತರಿಸೋಕೆ ಹೋಗ್ಬೇಡಿ.

ಸ್ಟ್ರೆಚ್ ಒಂದೇ ಸಲಕ್ಕೆ ಬೇಡ, ಸಣ್ಣ ಸಣ್ಣದಾಗಿ ನಾಲ್ಕೈದು ಸಲ. ಹಿನ್ನೆಲೆ ಪೂರ್ತಿ ಕಪ್ಪು ಮಾಡ್ಬೇಡಿ, ಕಾಳು ಮುಚ್ಚೋಕೆ ಅಂತ ಕಪ್ಪು ಮಾಡಿದ್ರೆ ಗ್ಯಾಲಕ್ಸಿಯ ಹೊರ ಕೈಗಳೂ ಅದರ ಜೊತೆ ಹೋಗತ್ತೆ, ಕಡು ಬೂದಿ ಬಣ್ಣದಲ್ಲೇ ಬಿಡಿ. ಎಐ ಶಾರ್ಪನ್ ಮಾಡೋ ಸಾಧನಗಳನ್ನ ಜಾಸ್ತಿ ಎಳೆದ್ರೆ ನೀವು ಹಿಡಿಯದೇ ಇರೋ ಗೆರೆಗಳು ಹುಟ್ಕೊಳ್ಳತ್ತೆ, ಅನುಮಾನ ಬಂದ್ರೆ ಶಾರ್ಪನ್ ಮಾಡೋ ಮೊದಲಿನ ಫೋಟೋ ಪಕ್ಕದಲ್ಲಿಟ್ಟು ಆ ಗೆರೆ ಅಲ್ಲಿ ಮಸುಕಾಗಾದ್ರೂ ಇದೆಯಾ ಅಂತ ನೋಡಿ. ಹಬಲ್ 2005ರಲ್ಲಿ ತೆಗೆದ ಎಂ51 ಫೋಟೋನ ಪಕ್ಕದಲ್ಲಿಟ್ಕೊಂಡು ಹಾಗೇ ಬರ್ಬೇಕು ಅಂತ ಎಳೀಬೇಡಿ, ಅದರ ಕನ್ನಡಿ 2.4 ಮೀಟರ್, ಅದು ವಾತಾವರಣದಿಂದ ಆಚೆ ಇದೆ.

ಫೋಟೋ ಮುಗಿದ್ಮೇಲೆ

ಎಲ್ಲಾ ರಾ ಫೈಲ್‌ಗಳನ್ನ ತಾರೀಖು ಹಾಕಿ ಎತ್ತಿಡಿ, ಮುಂದಿನ ವರ್ಷ ಅದೇ ಕೋನದಲ್ಲಿ ತೆಗೆದಿದ್ದನ್ನ ಇದಕ್ಕೇ ಸೇರಿಸ್ಬಹುದು. ಇನ್ನೊಂದು ಕಾರಣನೂ ಇದೆ. ಎಂ51ರಲ್ಲಿ 1994, 2005, 2011ರಲ್ಲಿ ಸೂಪರ್‌ನೋವಾ, ಅಂದ್ರೆ ಸಾಯೋ ನಕ್ಷತ್ರದ ಸ್ಫೋಟ, ಕಂಡಿದೆ, 2011ರದ್ದನ್ನ ಮೊದಲು ಗಮನಿಸಿದೋರಲ್ಲಿ ನಮ್ಮ ಥರದ ಹವ್ಯಾಸಿಗಳೇ ಇದ್ರು. ಹಾಗಾಗಿ ಪ್ರತಿ ಸಲ ಹೊಸ ಸ್ಟ್ಯಾಕ್ ಬಂದಾಗ ಹಳೇದರ ಮೇಲಿಟ್ಟು ಹಿಂದೆ ಮುಂದೆ ಮಾಡಿ ನೋಡಿ. ಕೈಯ ಮೇಲೆ ಹಿಂದೆ ಇಲ್ಲದ ಚುಕ್ಕಿ ಕಂಡ್ರೆ ಮೊದಲು ಬಿಡಿ ಫ್ರೇಮ್‌ಗಳಿಗೆ ಹೋಗಿ, ಡಿಥರ್ ಆದ್ಮೇಲೂ ಅದು ನಕ್ಷತ್ರಗಳ ಜೊತೆಗೇ ಸರಿದಿದೆಯಾ ಅಂತ ಪರೀಕ್ಷಿಸಿ, ಸರೀದೆ ಸೆನ್ಸರಿನ ಒಂದೇ ಪಿಕ್ಸೆಲಲ್ಲಿ ಕೂತಿದ್ರೆ ಅದು ಕೆಟ್ಟ ಪಿಕ್ಸೆಲ್. ನಕ್ಷತ್ರಗಳ ಜೊತೆ ಸರಿದಿದ್ದು, ಮಾರನೇ ರಾತ್ರೀನೂ ಅಲ್ಲೇ ಇದ್ರೆ, ಇಂಥ ಹೊಸ ಚುಕ್ಕಿಗಳನ್ನ ವರದಿ ಮಾಡೋ ಟ್ರಾನ್ಸಿಯೆಂಟ್ ನೇಮ್ ಸರ್ವರ್ ಅನ್ನೋ ವೆಬ್‌ಸೈಟಲ್ಲಿ ಆ ಜಾಗದಲ್ಲಿ ಯಾರಾದ್ರೂ ಈಗಾಗ್ಲೇ ವರದಿ ಮಾಡಿದ್ದಾರಾ ಅಂತ ಹುಡುಕಿ, ಇಲ್ಲಾಂದ್ರೆ ಆ ರಾತ್ರಿ ಮಲಗೋ ಮುಂಚೆನೇ ವರದಿ ಹಾಕಿ.